ಬೆಳಕಿನ ಖೋಲಿ

ಹಡಗಿನಲ್ಲಿ ಖೋಲಿ ಆರಿಸುವ ವಿಷಯಕ್ಕೆ ಬನಹಟ್ಟಿಯ ನೇಕಾರ ಗೂಳಪ್ಪ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಹೆಂಡತಿ ಗುರುಬಾಯಿಗೆ ಅರವತ್ತು ತುಂಬಿದ ಸಂತೋಷಕ್ಕೆ ಮುಂಬೈಯಿಂದ ಗೋವಾಕ್ಕೆ ಹಡಗಿನಲ್ಲಿ ಹೋಗಿಬರುವುದೆಂದು ನಿಶ್ಚಯವಾಗಿತ್ತು. ಟಿಕೀಟು ಮಾಡಿಸಲು ಅವನು ಮಗಳು ನಂದಾಳೊಡನೆ ಜಮಖಂಡಿಯ ಪ್ರವಾಸದ ಆಫೀಸಿಗೆ ಬಂದು ಕೂತಿದ್ದ. ಕಿಡಕಿ ಇಲ್ಲದಿದ್ದರೂ ಕೆಳಗಿನ ಅಂತಸ್ತಿನ ನಡುವಿನ ಖೋಲಿಯೇ ವಾಸಿ, ಅಲ್ಲಿ ಹೊಯ್ದಾಟ ಗೊತ್ತಾಗುವುದಿಲ್ಲ ಎಂದು ಆಫೀಸಿನವನು ಹೇಳಿದ. ನಂದಾ ಹೌದೆಂದು ತಲೆಯಾಡಿಸಿದಳು. ಮಲಗೆದ್ದು ಬರುವುದಕ್ಕೆ ಕಿಡಕಿ ಯಾಕೆ ಎಂದು ಗುರುಬಾಯಿ ಫೋನಿನಲ್ಲೇ ಮೂಗು ಮುರಿದಳು.

ಗೂಳಪ್ಪ ಆಫೀಸಿನವನು ಮುಂದಿಟ್ಟಿದ್ದ ಖೋಲಿಗಳ ಫೋಟೋಗಳನ್ನೆಲ್ಲ ಸರಿಸಿ, ಗೋಡೆಯಗಲ ಗಾಜು, ಅದರಾಚೆ ಬಾಲ್ಕನಿ ಇದ್ದ ಖೋಲಿಯ ಮೇಲೆ ಬೆರಳಿಟ್ಟ.

"ಇದನ್ನ ಬರಕೋರಿ. ಹೊಯ್ದಾಡಿದ್ರ ಹೊಯ್ದಾಡ್ಲಿ. ನಮಗ ಬೆಳಕು ಬೇಕು."

ನೇಕಾರರ ಮನೆಯಲ್ಲಿ ಒಳ್ಳೆಯ ಜಾಗ ಯಾವಾಗಲೂ ಮಗ್ಗದ್ದು. ಬೆಳಕು ಬೀಳುವಲ್ಲಿ ಮಗ್ಗ, ಉಳಿದ ಕತ್ತಲಲ್ಲಿ ಮನೆಮಂದಿ. ಮದುವೆಯಾಗಿ ಬಂದಾಗಿನಿಂದ ಗುರುಬಾಯಿ ಹಾಸಿಕೊಂಡದ್ದು ಒಳಗೋಡೆಯ ಬದಿಗೇ, ಮಕ್ಕಳಿಗೆ ಹಾಲೂಡಿಸಿದ್ದೂ ಅಲ್ಲೇ. ಅವಳಿಗೆ ಒಮ್ಮೆಯಾದರೂ ಬೆಳಕಿನ ಖೋಲಿ ಕೊಡದಿದ್ದರೆ ತಾನೆಂಥ ಗಂಡ ಎಂಬುದು ಗೂಳಪ್ಪನನ್ನು ಬಹಳ ದಿನಗಳಿಂದ ಕೊರೆಯುತ್ತಿತ್ತು.

ಗಂಡಹೆಂಡತಿ ಮುಂಬೈಯಲ್ಲಿ ಹಡಗು ಹತ್ತಿ ಖೋಲಿಯ ಬಾಗಿಲು ತೆರೆದಾಗ ಬಿಸಿಲು ಕಾಲಬುಡದವರೆಗೂ ಬಂದು ಬಿದ್ದಿತ್ತು. ಅರಮನೆ ಕಟ್ಟಿಸಿಕೊಟ್ಟವನ ಗತ್ತಿನಲ್ಲಿ ಗೂಳಪ್ಪ ಪಕ್ಕಕ್ಕೆ ಸರಿದು ಹೆಂಡತಿಗೆ ದಾರಿ ಬಿಟ್ಟ. ಅವಳು ಸುತ್ತ ಒಮ್ಮೆ ನೋಡಿದಳು. ಚೀಲಗಳನ್ನು ಬಾಗಿಲ ಹಿಂದಿನ ಮೂಲೆಗೆ ಒತ್ತಿದಳು. ಗಾಜಿನ ಮುಂದಿದ್ದ ಕುರ್ಚಿಗಳನ್ನು ಎಳೆದು ಇತ್ತ ತಂದಳು. ಆಮೇಲೆ ಮನೆಯಿಂದ ತಂದ ಕೌದಿಯನ್ನು ಒಳಗೋಡೆಯ ಬದಿಗೆ ಹಾಸಿ, ಎಲ್ಲ ಸರಿಯಾಯಿತೆಂಬಂತೆ ಕೂತಳು. ಗಾಜಿನ ಮುಂದೆ ಒಂದು ಮಗ್ಗ ಹಿಡಿಸುವಷ್ಟು ಜಾಗ ಖಾಲಿ ಉಳಿಯಿತು.

ಗೂಳಪ್ಪ ಆ ಖಾಲಿ ಜಾಗದತ್ತ ಕೈ ತೋರಿಸಿದ.

"ಗುರುಬಾಯಿ, ಇಲ್ಲಿ ಮಗ್ಗ ಇಲ್ಲ. ಆ ಜಾಗಾ ನಿಂದು."

ಅವಳು ಖಾಲಿ ಜಾಗದ ಕಡೆ ತಿರುಗಿದಳು. ತಾನು ಮಾಡಿದ್ದು ಆಗ ಹೊಳೆದು, ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು, ಕಣ್ಣು ಮಾತ್ರ ತುಂಬಿತ್ತು. ಎದ್ದು ಕೌದಿಯನ್ನು ಬಿಸಿಲ ನಟ್ಟನಡುವೆ ಎಳೆದೊಯ್ದು ಕಾಲು ಚಾಚಿ ಕೂತಳು. ಗೂಳಪ್ಪನೂ ಅವಳ ಪಕ್ಕದಲ್ಲಿ ಕೂತ.

ಹಡಗು ಬಿಡುವ ಮೊದಲು ನೆರೆಮನೆಯ ತಂಗೆವ್ವ ಫೋನು ಮಾಡಿ ಖೋಲಿ ಹೇಗಿದೆ ಎಂದು ವಿಚಾರಿಸಿದಳು. ಗುರುಬಾಯಿ ಗಂಡನಿಗೂ ಕೇಳಲೆಂದೇ ದನಿ ಏರಿಸಿದಳು.

"ನಮ್ಮವರು ಆರಿಸ್ಯಾರ ತಂಗೆವ್ವ. ಇಡೀ ಹಡಗಿನಾಗ ಇಂಥಾದ್ದು ಇನ್ನೊಂದಿಲ್ಲ."

ಆ ಸಾಲಿನಲ್ಲಿ ಎಲ್ಲ ಖೋಲಿಗಳೂ ಅಂಥವೇ ಇದ್ದವು. ಗೂಳಪ್ಪ ಅದನ್ನು ತಿದ್ದಲು ಹೋಗದೆ ಮೀಸೆ ತೀಡಿಕೊಂಡ.