ಫಕೀರವ್ವನ ಮೇಜಿನ ದೀಪ

ನಾನು ಒಂದು ದೀಪ. ನಡುವೆ ಅಂಗೈಯಗಲದ ಭೂತಗನ್ನಡಿ, ಅದರ ಸುತ್ತ ಬಳೆಯಂಥ ಟ್ಯೂಬ್‌ಲೈಟು, ಬಾಗಿಸಿದತ್ತ ಬಾಗುವ ಕಬ್ಬಿಣದ ಕತ್ತು. ಅಂಬಾಲಾದ ಒಂದು ಶೆಡ್ಡಿನಲ್ಲಿ ನನ್ನ ಗಾಜನ್ನು ಉಜ್ಜಿ ಉಜ್ಜಿ ರೂಪ ಕೊಟ್ಟರು. ಹುಲ್ಲಿನಲ್ಲಿ ಸುತ್ತಿ ರೈಲಿನಲ್ಲಿ ಗದಗಿಗೆ ಕಳಿಸಿದರು.

ಆಗ ನಭೋನಾದ ಕಂಪನಿ ಗದಗಿಗೆ ಹೊಸದು. ಮೊದಲು ರೇಡಿಯೊ ಮಾಡುತ್ತಿತ್ತು, ಆಮೇಲೆ ಟೆಲಿಫೋನು, ಆಮೇಲೆ ಟೀವಿ. ಊರಿನ ಅಡುಗೆ ಒಲೆಗಳು ಅದರ ಸೈರನ್ನಿಗೆ ಹೊತ್ತಿಕೊಳ್ಳುತ್ತಿದ್ದವು. ವರ ನಭೋನಾದದಲ್ಲಿದ್ದಾನೆ ಎಂದರೆ ಹೆಣ್ಣು ಕೊಡುವವರು ಮತ್ತೇನೂ ಕೇಳುತ್ತಿರಲಿಲ್ಲವಂತೆ.

ನನ್ನನ್ನು ಫಕೀರವ್ವನ ಮೇಜಿಗೆ ಬಿಗಿದರು. ಕೂದಲೆಳೆಯಂಥ ತಂತಿಗಳಿಗೆ ಬೆಸುಗೆ ಹಾಕುವುದು ಅವಳ ಕೆಲಸ. ಅವಳು ನನ್ನ ಮೂಲಕ ತಂತಿಯನ್ನು ದೊಡ್ಡದಾಗಿ ನೋಡಿದರೆ, ನಾನು ಕೆಳಗಿನಿಂದ ಅವಳ ಕಣ್ಣನ್ನು ದೊಡ್ಡದಾಗಿ ನೋಡುತ್ತಿದ್ದೆ. ತಿಳಿಯಾದ ಕಣ್ಣು. ವರ್ಷಗಳು ಕಳೆದಂತೆ ಕೆಂಪಾಯಿತು, ಮಂಜು ಕಟ್ಟಿತು. ಅವಳು ನನ್ನ ಕತ್ತನ್ನು ಹತ್ತಿರ ಹತ್ತಿರ ಎಳೆದುಕೊಂಡಳು.

ಗಂಡನಿಲ್ಲದ ಅವಳಿಗೆ ಒಬ್ಬಳೇ ಮಗಳು, ಸುವರ್ಣಾ. ಆ ಹೊತ್ತಿಗೆ ಪಿಯುಸಿ ಓದುತ್ತಿದ್ದಳು.

“ಅಕಿ ನರ್ಸ್ ಆಗೂತನಾ ಈ ಕಣ್ಣು ಬಾಳಿದ್ರ ಸಾಕವ್ವ,” ಎನ್ನುತ್ತಿದ್ದಳು ಫಕೀರವ್ವ.

“ಕಣ್ಣಿಂದು ಗೊತ್ತಿಲ್ಲ, ನಿನ್ನ ಬಾಯಿ ಮಾತ್ರ ನೂರು ವರ್ಷ ಬಾಳತೈತಿ,” ಎಂದು ಪಕ್ಕದ ಮೇಜಿನ ಮಾಬೂಬಿ ಛೇಡಿಸುತ್ತಿದ್ದಳು. ಹಾಗೆನ್ನುತ್ತಲೇ ಗೆಳತಿಯ ತಪ್ಪಿದ ಬೆಸುಗೆಯನ್ನು ತನ್ನ ಕಡೆ ಎಳೆದುಕೊಂಡು, ಯಾರಿಗೂ ಕಾಣದಂತೆ ಸರಿಮಾಡುತ್ತಿದ್ದಳು.

ಪ್ರತಿ ವರ್ಷ ದಸರೆ ಕಳೆದ ಮೇಲೆ ನಾವಿದ್ದ ಕೆಲಸದ ಹಾಲ್‌ನಲ್ಲೇ ಕಣ್ಣಿನ ಪರೀಕ್ಷೆ. ಡಾಕ್ಟರು ಕಂಬಕ್ಕೆ ಅಕ್ಷರದ ಹಾಳೆ ತೂಗುಹಾಕುತ್ತಿದ್ದರು. ಕನ್ನಡಕ ಹಾಕಿಯೂ ಕೊನೆಯ ಸಾಲು ಓದಲಾರದವರಿಗೆ ಕೆಲಸವಿಲ್ಲ. ಆದರೆ ಹಾಳೆ ಎಂದೂ ಬದಲಾಗುತ್ತಿರಲಿಲ್ಲ. ಹೆಂಗಸರು ಆ ಸಾಲನ್ನು ಬೀಸುವ ಪದದ ರಾಗಕ್ಕೆ ಕೂಡಿಸಿ, ಮಧ್ಯಾಹ್ನ ರೊಟ್ಟಿಗಂಟು ಬಿಚ್ಚುವಾಗ ಹಾಡಿ ಹಾಡಿ ಫಕೀರವ್ವನಿಗೆ ಬಾಯಿಪಾಠ ಮಾಡಿಸಿದ್ದರು. ಅವಳು ಸರದಿಯಲ್ಲಿ ಕೊನೆಗೆ ನಿಂತು ಒಪ್ಪಿಸಿ ಬರುತ್ತಿದ್ದಳು.

ಅಷ್ಟರಲ್ಲಿ ನಭೋನಾದವನ್ನು ಪರದೇಶದ ಇನ್ನೂ ದೊಡ್ಡ ಕಂಪನಿಯೊಂದು ಕೊಂಡಿತು. ಕೆಲಸ ಮೊಬೈಲಿನದಾಯಿತು. ಎಲ್ಲರಿಗೂ ಬಿಳಿ ಕೋಟು ಬಂತು. ಆ ವರ್ಷ ಪರೀಕ್ಷೆಗೆ ಹೊಸ ಡಾಕ್ಟರು ಬಂದಾಗ ಫಕೀರವ್ವನಿಗೆ ದಿಗಿಲು.

“ಕಾದು ಕಾದು ಮರತುಬಿಡ್ತೀನವ್ವ. ಈ ಸಲ ನಾನ ಮೊದಲ,” ಎಂದು ಎದ್ದೇಬಿಟ್ಟಳು.

ಡಾಕ್ಟರು ಹಾಳೆ ಬಿಚ್ಚಿದರು. ಅದನ್ನು ಕಂಡ ಮಾಬೂಬಿ ಅರ್ಧ ಎದ್ದಳು. ಅಷ್ಟರೊಳಗೆ ಫಕೀರವ್ವ ಸಾಲನ್ನು ಪಟಪಟನೆ ಒಪ್ಪಿಸಿಯಾಗಿತ್ತು. ರಾಗದ ಎಳೆತವೂ ಬಂದುಬಿಟ್ಟಿತ್ತು.

ಡಾಕ್ಟರು ಎಳೆಯ ಹುಡುಗ. ನಗಲಿಲ್ಲ. “ಅಮ್ಮಾರ, ಇದರಾಗ ಅಕ್ಷರ ಇಲ್ರೀ. ಕೈ ಯಾವ ಕಡೆ ತೋರಸ್ತೈತಿ ಅನ್ನೂ ಚಿತ್ರ ಅದಾವು,” ಎಂದ.

“ಆಕಿ ಹೆದರ್ಯಾಳ್ರೀ ಸಾಹೇಬ್ರ, ಇನ್ನೊಮ್ಮೆ ಕೇಳ್ರಿ,” ಎಂದಳು ಮಾಬೂಬಿ.

ಕೇಳಿದ. ಫಕೀರವ್ವ ಬಹಳ ಹೊತ್ತು ಕಂಬದ ಕಡೆ ನೋಡಿದಳು. “ಬೆಳ್ಳಗ ಕಾಣ್ತೈತ್ರಿ,” ಎಂದಳು. “ಅಷ್ಟ.”

ಮ್ಯಾನೇಜರು ಕೆಟ್ಟವರಲ್ಲ. ಅವಳಿಗೆ ಕುರ್ಚಿ ಎಳೆದು ಕೊಟ್ಟರು, ಚಹಾ ತರಿಸಿದರು, ಮೇಲಿನವರೊಡನೆ ಮಾತಾಡಿ ಅವಳು ಬಿಡಬೇಕಾದ ಜಾಗವನ್ನು ಮಗಳಿಗೆ ಕೊಡಿಸಿದರು. ದೊಡ್ಡ ಪುಣ್ಯದ ಕೆಲಸವೆಂದು ಹಾಲ್‌ನಲ್ಲಿದ್ದವರೆಲ್ಲ ಹೇಳಿದರು. ಫಕೀರವ್ವ ಕೈ ಮುಗಿದಳು.

ನಾನು ಈಗ ಬೆಟಗೇರಿಯ ಗುಜರಿ ಅಂಗಡಿಯ ಮೂಲೆಯಲ್ಲಿದ್ದೇನೆ. ಬೆಸುಗೆಗೆ ಯಂತ್ರ ಬಂತು. ಆಮೇಲೆ ಕಂಪನಿಯೇ ಬೇರೆ ದೇಶಕ್ಕೆ ಹೋಯಿತು. ಸುವರ್ಣಾ ಆಗ ಎಲ್ಲಿಗೆ ಹೋದಳೋ ತಿಳಿಯದು. ಗಾಜು ಒಡೆಯದಿರಲೆಂದು ಗುಜರಿಯವನು ನನ್ನ ಕೆಳಗೆ ಗೋಣಿತಟ್ಟು ಹಾಸಿದ್ದಾನೆ. ಲೋಕದಲ್ಲಿ ದಯೆಗೆ ಕೊರತೆಯಿಲ್ಲ. ಅದರಿಂದ ಯಾರೂ ಉಳಿಯಲಿಲ್ಲ, ಅಷ್ಟೆ.

ಸುವರ್ಣಾ ಕೆಲಸಕ್ಕೆ ಬಂದ ಆ ಸೋಮವಾರ ಮಾತ್ರ ನನ್ನನ್ನು ಬಿಡುವುದಿಲ್ಲ. ತಾಯಿ ಅವಳ ತೋಳು ಹಿಡಿದು ಬಂದಿದ್ದಳು. ಮೇಜನ್ನು, ಸ್ಟೂಲನ್ನು, ನನ್ನ ಕತ್ತನ್ನು ಒಂದೊಂದಾಗಿ ತಡವಿ ತೋರಿಸಿಕೊಟ್ಟಳು. ಹುಡುಗಿ ಹೊಸ ಬಿಳಿ ಕೋಟಿನ ಗುಂಡಿ ಹಾಕಿಕೊಂಡು ತಾಯಿಯ ಮುಂದೆ ನಿಂತಳು.

“ನರ್ಸ್ ಕಂಡಂಗ ಕಾಣ್ತೀನೇನ ಯವ್ವಾ?”

ಫಕೀರವ್ವ ಮಗಳ ದನಿ ಬಂದತ್ತ ಮುಖ ತಿರುಗಿಸಿದಳು.

“ಹೂಂನವ್ವ. ಥೇಟ್ ಹಂಗ ಕಾಣ್ತೀ.”