ಕಳೆ ಇಲ್ಲದ ಮೈದಾನ

ಆ ಗಾಲ್ಫ್ ಮೈದಾನದಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು ಹುಲ್ಲಪ್ಪ. ಇಪ್ಪತ್ತೆರಡು ವರ್ಷದಿಂದ ಅಲ್ಲಿನ ಹುಲ್ಲಿಗೆ ಅವನೇ ಮೇಸ್ತ್ರಿ, ಅವನೇ ವೈದ್ಯ. ಚೆಂಡು ಉರುಳಿಕೊಂಡು ಹೋಗಿ ಗುಳಿಗೆ ಬೀಳುವ ಜಾಗವಿದೆಯಲ್ಲ, ಅದಕ್ಕೆ ಗ್ರೀನ್ ಅನ್ನುತ್ತಾರೆ. ಅಲ್ಲಿ ಹುಲ್ಲು ಜಮಖಾನ ಹಾಸಿದಷ್ಟು ಸಮನಾಗಿರಬೇಕು. ಅಂಥ ಗ್ರೀನುಗಳು ಹದಿನೆಂಟು.

ಆರು ವರ್ಷದ ಹಿಂದೆ ಅವುಗಳಲ್ಲಿ ಕಳೆಹುಲ್ಲು ಹೊಕ್ಕಿತು. ಕಿತ್ತರೆ ಗ್ರೀನ್ ಬೋಳು, ಬಿಟ್ಟರೆ ಬಿಳಿ ತೆನೆ ಎದ್ದು ಚೆಂಡು ಕುಣಿಯುತ್ತದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ಹುಲ್ಲಪ್ಪ ಬೆಳವಣಿಗೆ ತಡೆಯುವ ಔಷಧಿ ತರಿಸಿದ. ಅದು ಕಳೆಯನ್ನು ಕೊಲ್ಲುವುದಿಲ್ಲ, ಕುಗ್ಗಿಸಿ ಕೂರಿಸುತ್ತದೆ. ಅಷ್ಟರಲ್ಲಿ ಒಳ್ಳೆಯ ಹುಲ್ಲು ಹಬ್ಬಿಕೊಳ್ಳಲಿ ಎಂಬ ಲೆಕ್ಕಾಚಾರ. ಮೊದಲ ವರ್ಷವೇ ತೆನೆ ಕಾಣಲಿಲ್ಲ. ಮೈದಾನದ ಕಾರ್ಯದರ್ಶಿ ಬೆನ್ನು ತಟ್ಟಿದರು. ಆ ಖುಷಿಗೆ ಹುಲ್ಲಪ್ಪ ವಾರ್ಷಿಕ ವರದಿಯಲ್ಲಿ 'ಕಳೆ ಪೂರ್ತಿ ನಾಶವಾಗಿದೆ' ಎಂದು ಬರೆದು ಸಹಿ ಹಾಕಿಬಿಟ್ಟ. ಅಯ್ಯೋ ಪುಣ್ಯಾತ್ಮ, ಅಷ್ಟು ಅವಸರ ಏನಿತ್ತು? ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ವರ್ಷ ವರ್ಷವೂ ಅದನ್ನೇ ಬರೆಯಬೇಕಾಯಿತು.

ಒಳ್ಳೆಯ ಹುಲ್ಲು ಹಬ್ಬಲೇ ಇಲ್ಲ. ಕಳೆಯೇ ಗಿಡ್ಡಗೆ, ಹಸಿರಾಗಿ, ಏನೂ ಅರಿಯದ ಸಾಧುವಿನಂತೆ ಕೂತು ಹದಿನಾಲ್ಕು ಗ್ರೀನುಗಳನ್ನು ನುಂಗಿತು. ಎರಡು ವಾರಕ್ಕೊಮ್ಮೆ ಔಷಧಿ ಬೀಳಬೇಕು, ಸೆಕೆ ಏರಿದರೆ ಇನ್ನೂ ಬೇಗ. ಒಂದು ಸರದಿ ತಪ್ಪಿದರೆ ಅದುಮಿಟ್ಟದ್ದೆಲ್ಲ ದುಪ್ಪಟ್ಟಾಗಿ ಚಿಮ್ಮುತ್ತದೆ. ಸರಿಯಾದ ದಿನ ಗೊತ್ತಿದ್ದದ್ದು ಅವನೊಬ್ಬನಿಗೇ. ಹೀಗಾಗಿ ಮಗಳ ಹೆರಿಗೆಗೂ ಅವನು ಹೋಗಲಿಲ್ಲ.

ಈಗ ನಿವೃತ್ತಿಯ ವಯಸ್ಸು ದಾಟಿದೆ. ಮಗಳು ತನ್ನ ಮನೆಯ ಪಕ್ಕದಲ್ಲೇ ಅಪ್ಪ ಅಮ್ಮನಿಗೆ ಎರಡು ಕೋಣೆ ನೋಡಿಟ್ಟಿದ್ದಾಳೆ. ಭಾನುವಾರ ಹೊರಡುವುದೆಂದು ಹೆಂಡತಿ ಪೆಟ್ಟಿಗೆ ಕಟ್ಟಿದ್ದಾಳೆ.

"ರೀ, ಈ ಸಲವೂ ಮುಂದಿನ ವರ್ಷ ಅಂದ್ರೆ ನಾನು ಕೇಳೋಳಲ್ಲ," ಎಂದಳು. "ಮೊಮ್ಮಗಳು ನಿಮ್ಮನ್ನ ಫೋನೊಳಗಿನ ತಾತ ಅಂತಾಳೆ. ನಾಚಿಕೆ ಆಗಲ್ವಾ?"

"ಹೊಸಬರು ಬಂದ್ರೆ ವಾರದಲ್ಲೇ ಎಲ್ಲಾ ಗೊತ್ತಾಗತ್ತೆ ಕಣೇ."

"ನೀವೇ ಹೋಗಿ ಹೇಳ್ಬಿಡಿ. ಬೈತಾರೆ, ಬೈಸ್ಕೊಂಡು ಬನ್ನಿ. ಬೈಗುಳ ಏನು ಮೈಗೆ ಅಂಟ್ಕೊಳ್ಳತ್ತಾ?"

ಸರಿ, ಹುಲ್ಲಪ್ಪ ನಿವೃತ್ತಿ ಪತ್ರ ಹಿಡಿದು ಕಾರ್ಯದರ್ಶಿಯ ಕೋಣೆಗೆ ಹೋದ. ನಿಂತೇ ಎಲ್ಲವನ್ನೂ ಹೇಳಿದ: ಕಳೆ ಸತ್ತಿಲ್ಲ, ಹದಿನಾಲ್ಕು ಗ್ರೀನೂ ಕಳೆಯೇ.

ಕಾರ್ಯದರ್ಶಿ ಕನ್ನಡಕ ಒರೆಸುತ್ತಲೇ ಇದ್ದರು. "ಹದಿನಾಲ್ಕಾ? ನಾನು ಹನ್ನೆರಡು ಅಂದ್ಕೊಂಡಿದ್ದೆ."

"ನಿಮಗೆ ಗೊತ್ತಿತ್ತಾ ಸಾರ್?"

"ಎರಡನೇ ವರ್ಷದಿಂದ. ಕಳೆ ಇಲ್ಲದ ಮೈದಾನ ಅಂತ ದೊಡ್ಡ ದೊಡ್ಡ ಪಂದ್ಯ ಬಂದ್ವು. ಎಲ್ಲಾ ಚೆನ್ನಾಗಿತ್ತಲ್ಲ, ನಾನ್ಯಾಕೆ ಕೆದಕಲಿ?"

ಹುಲ್ಲಪ್ಪನ ಎದೆ ಹಗುರವಾಯಿತು. ಆರು ವರ್ಷ ಸುಮ್ಮನೆ ಹೆದರಿದೆನಲ್ಲ ಎಂದು ನಗುವೂ ಬಂತು. ಪತ್ರವನ್ನು ಮೇಜಿನ ಮೇಲಿಟ್ಟ. ಕಾರ್ಯದರ್ಶಿ ಅದನ್ನು ಒಂದೇ ಬೆರಳಿನಿಂದ ವಾಪಸ್ಸು ತಳ್ಳಿದರು.

"ನೀವು ಹೋದ್ರೆ ಹೊಸಬರು ಬರ್ತಾರೆ. ಹೊಸಬರು ಬಂದ್ರೆ ಕಳೆ ಹೊರಗೆ ಬರತ್ತೆ. ಆಗ ಸಮಿತಿಯವರು ಕೇಳ್ತಾರೆ, ನಾನು ನಿಮ್ಮ ಆರು ವರದಿ ತೆಗೆದು ತೋರಿಸ್ಬೇಕಾಗತ್ತೆ. ಸಹಿ ಯಾರದು? ಪಿಂಚಣಿ ಹಾಗಿರ್ಲಿ, ಈ ವಯಸ್ಸಲ್ಲಿ ಕೋರ್ಟು ಕಚೇರಿ ಅಲೆಯೋದು ಬೇಕಾ?" ಆಮೇಲೆ ದನಿ ತಗ್ಗಿಸಿದರು. "ಇನ್ನೆರಡು ವರ್ಷ ಅಷ್ಟೆ, ನಾನೂ ಹೊರಡ್ತೀನಿ. ಒಂಬತ್ತನೇ ಗ್ರೀನು ಯಾಕೋ ಸ್ವಲ್ಪ ಬೆಳ್ಳಗೆ ಕಾಣ್ತಿದೆ, ನೋಡಿ."

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೇಳಿದಳು. "ಬೈದ್ರಾ?"

"ಇಲ್ಲ ಕಣೇ. ಬೈದಿದ್ರೆ ಚೆನ್ನಾಗಿತ್ತು."

ನಡೆದದ್ದನ್ನೆಲ್ಲ ಹೇಳಿದ. ಅವಳು ಕೂಗಾಡಲಿಲ್ಲ. ಪೆಟ್ಟಿಗೆಯ ಹಗ್ಗ ಬಿಚ್ಚಿ ಅವನ ಅಂಗಿಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲಿಟ್ಟಳು. ತನ್ನ ಸೀರೆಗಳನ್ನು ಮುಟ್ಟಲಿಲ್ಲ. ಹುಲ್ಲಪ್ಪ ಪೆಟ್ಟಿಗೆಯೊಳಗೆ ಇಣುಕಿದ.

"ಮತ್ತೆ ನೀನು?"

"ನಾನು ಭಾನುವಾರ ಹೊರಡ್ತೀನಿ ರೀ," ಎಂದಳು ಮೆಲ್ಲಗೆ. "ನಾನು ಎಲ್ಲೂ ಸಹಿ ಹಾಕಿಲ್ವಲ್ಲ."