ಹೆಂಗಸ್ರು ಒಪ್ಪಲ್ಲ

ಬೆಳಗಾದ ಮೇಲೆ ದಿವ್ಯಾ ಒಂದು ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಶಾಂತಿಗ್ರಾಮದ ಹತ್ತಿರದ ಆಲೂಗೆಡ್ಡೆ ಶೆಡ್ಡಿನಲ್ಲಿ ಸಂಜೆಯವರೆಗೆ ಕೂತು ಗೆಡ್ಡೆ ಆರಿಸಬೇಕು. ಗಂಡಸರ ಕಕ್ಕಸಿಗೆ ಹೋದರೆ ಲೋಡಿಂಗಿನವರು ಬಾಗಿಲು ಬಡಿದು, "ಒಳಗಿರೋದು ಅಣ್ಣನೋ ಅಕ್ಕನೋ?" ಎಂದು ಕೇಕೆ ಹಾಕುತ್ತಿದ್ದರು. ಹೆಂಗಸರ ಕಕ್ಕಸಿನ ಕಡೆ ಕಾಲಿಡಕೂಡದೆಂದು ಸಾಹುಕಾರ ದೇವರಾಜನ ಕಟ್ಟಪ್ಪಣೆ. ಬಾಯಿ ಒಣಗಿದರೆ ಉಗುಳು ನುಂಗುತ್ತಿದ್ದಳು. ಉಚ್ಚೆ ಕಟ್ಟಿಕೊಂಡು ಕಟ್ಟಿಕೊಂಡು ಸೋಂಕು ಕಿಡ್ನಿಗೇರಿತು. ಈಗ ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾಳೆ.

ಆ ಕೆಲಸ ಕೊಡಿಸಿದ್ದು ಶೋಭಿತಾ. ಹೊಳೆನರಸೀಪುರ, ಅರಕಲಗೂಡು ಅಂತ ಅಲೆದು ಮಂಗಳಮುಖಿಯರಿಗೆ ಗುರುತಿನ ಕಾರ್ಡು, ಮನೆ, ಕೆಲಸ ಹುಡುಕಿಕೊಡುವವಳು. ದಿವ್ಯಾಳಂತೆ ತಾನೂ ಅವರಲ್ಲೊಬ್ಬಳು. ದಿವ್ಯಾ ಬಂದು ಗೋಳು ಹೇಳಿಕೊಂಡಾಗಲೇ ಅವಳು ಸಾಹುಕಾರನನ್ನು ಕೇಳಿದ್ದಳು.

"ನಂದೇನೂ ಇಲ್ಲ ಕಣಮ್ಮ. ಹೆಂಗಸ್ರು ಒಪ್ಪಲ್ಲ. ಅಸಹ್ಯ ಪಟ್ಕತಾರೆ," ಎಂದಿದ್ದ ಅವನು.

ಶೋಭಿತಾ ತಕ್ಷಣ ನಂಬಿಬಿಟ್ಟಳು. ಬಾಡಿಗೆ ಮನೆ ಕೇಳಿದ ಕಡೆಯೆಲ್ಲ ಬೈಸಿಕೊಂಡು ಪಳಗಿದ ಜೀವ. ತಮ್ಮನ್ನು ಕಂಡರೆ ಅಸಹ್ಯ ಅನ್ನುವುದಕ್ಕೆ ಅವಳಿಗೆ ಸಾಕ್ಷಿ ಬೇಕಿರಲಿಲ್ಲ. "ಸ್ವಲ್ಪ ತಡ್ಕಳೇ. ನೀನು ಗಲಾಟೆ ಮಾಡಿದ್ರೆ ನಮ್ಮೋರ್ಗೆ ಇನ್ಯಾರೂ ಕೆಲಸ ಕೊಡಲ್ಲ. ಬಾಯಿ ಬಿಡಬೇಡ," ಎಂದು ದಿವ್ಯಾಳಿಗೇ ಬುದ್ಧಿ ಹೇಳಿ ಕಳಿಸಿದ್ದಳು.

ದಿವ್ಯಾ ಆಸ್ಪತ್ರೆ ಸೇರಿದ ವಾರವೇ ದೇವರಾಜ ಫೋನು ಮಾಡಿದ. ಶೆಡ್ಡಿನಲ್ಲಿ ಶೋಭಿತಾಳಿಗೆ ಸನ್ಮಾನವಂತೆ. ಪೇಪರಿನವರು ಬರುತ್ತಾರಂತೆ. ಇನ್ನೂ ಆರು ಜನ ಮಂಗಳಮುಖಿಯರಿಗೆ ಕೆಲಸವೆಂದು ವೇದಿಕೆಯಲ್ಲೇ ಹೇಳುತ್ತಾನಂತೆ.

"ಆದ್ರೆ ಆ ಹುಡುಗೀದು ಎತ್ಬೇಡಿ. ಒಳ್ಳೆ ದಿನ."

ಆರು ಹೊಟ್ಟೆ. ಶೋಭಿತಾ ಹೂಂ ಅಂದಳು. ಅಂದ ಮೇಲೆ ಆಸ್ಪತ್ರೆಗೆ ಹೋಗಲು ಮುಖವಿಲ್ಲದಂತಾಯಿತು.

ಕಾರ್ಯಕ್ರಮದ ದಿನ ಶಾಮಿಯಾನದ ಹಿಂದೆ ಗೆಡ್ಡೆ ಆರಿಸುತ್ತಿದ್ದ ಮಲ್ಲಿಗಮ್ಮ ಶೋಭಿತಾಳ ಸೆರಗು ಹಿಡಿದು ಜಗ್ಗಿದಳು.

"ದಿವ್ಯಾ ಯಾಕವ್ವ ಬತ್ತಿಲ್ಲ? ನನ್ ಪಕ್ಕದಲ್ಲೇ ಕೂರೋಳು. ಬಾಯ್ತುಂಬ ಅತ್ತೆ ಅನ್ನೋಳು."

ಶೋಭಿತಾ ಹೇಳಿದಳು. ಹೇಳುತ್ತಾ ಹೇಳುತ್ತಾ ಸಿಟ್ಟು ನೆತ್ತಿಗೇರಿತು. "ನೀವು ಒಳಗೆ ಬಿಟ್ಟಿದ್ರೆ ಈ ಗತಿ ಬರ್ತಿತ್ತಾ? ಅಸಹ್ಯ ಅಂದ್ರಂತಲ್ಲ!"

"ಯಾವ ಬಾಯಲ್ಲಿ ಅಂದೋ? ನಮ್ನ ಯಾರ್ ಕೇಳುದ್ರು?" ಮಲ್ಲಿಗಮ್ಮ ಕೈಕೆಲಸ ನಿಲ್ಲಿಸಿದಳು. "ಕಕ್ಕಸಿಗೆ ನಮಗೇ ದಿಕ್ಕಿಲ್ಲ. ದಿನವೆಲ್ಲ ಬೀಗ. ಉಣ್ಣೋ ಹೊತ್ಗೆ ಒಂದ್ಗಳಿಗೆ ತೆಗೀತಾರೆ. ಯಾಕ್ ಸಾ ಅಂದ್ರೆ, ದಿವ್ಯಾ ನುಗ್ತಾಳೆ, ನಿಮ್ಮ ಮಾನ ಕಾಯಾಕೆ ಅಂದ್ರು. ಒಳ್ಳೇ ಮಾನ! ನನ್ ಸೊಸೆ ಬಸ್ರಿ ಕಣವ್ವ, ಅವ್ಳೂ ನೀರ್ ಬಿಟ್ಟವ್ಳೆ. ಆ ಮಗು ದಿವ್ಯಾನೂ ಒಂದ್ ಮಾತು ಅನ್ನಿಲ್ವಲ್ಲ!"

ಯಾಕೆ ಅನ್ನಲಿಲ್ಲವೆಂದು ಶೋಭಿತಾಳಿಗೆ ಗೊತ್ತಿತ್ತು. ದೇವರಾಜ ಆ ಕಡೆಗೊಂದು ಈ ಕಡೆಗೊಂದು ಸುಳ್ಳು ಹೇಳಿ, ಕೆಲಸ ನಿಲ್ಲದ ಹಾಗೆ ಎರಡೂ ಕಡೆಯವರನ್ನು ದುಡಿಸಿಕೊಂಡಿದ್ದ. ಆ ಸುಳ್ಳಿಗೆ ಕಾವಲು ಕೂತವಳು ತಾನು. ಒಂದು ಸಲ ಈ ಹೆಂಗಸರನ್ನು ಕೇಳಿದ್ದರೆ ಆಗುತ್ತಿತ್ತು.

ದೇವರಾಜ ಶಾಲು ಬಿಚ್ಚುವಷ್ಟರಲ್ಲಿ ಅವಳು ಮೈಕು ಹಿಡಿದಳು.

"ದಿವ್ಯಾ ಆಸ್ಪತ್ರೇಲಿದ್ದಾಳೆ. ಇಲ್ಲಿ ಉಚ್ಚೆ ಕಟ್ಟಿ ಕಟ್ಟಿ. ಮೊದ್ಲು ಹೆಂಗಸರ ಕಕ್ಕಸಿನ ಬೀಗ ತೆಗೀರಿ. ನಮಗೂ, ಇವರಿಗೂ."

ದೇವರಾಜ ಪೇಪರಿನವರ ಕಡೆ ಹಲ್ಲು ಕಿರಿದು, ಅವಳ ಕಿವಿಯ ಹತ್ತಿರ ಬಾಗಿದ. "ಒಬ್ಬಳಿಗೋಸ್ಕರ ಆರು ಜನದ ಅನ್ನಕ್ಕೆ ಮಣ್ಣು ಹಾಕ್ತೀಯಾ?"

ಮೈಕು ಅದನ್ನೂ ಶೆಡ್ಡಿಗೆಲ್ಲ ಕೇಳಿಸಿತು.

ತಾನು ದಿವ್ಯಾಳಿಗೆ ಅಂದ ಮಾತೇ ಅವನ ಬಾಯಲ್ಲಿ! ಶೋಭಿತಾ ಮೈಕು ಕೆಳಗಿಳಿಸಿದಳು. ಎದ್ದವಳು ಮಲ್ಲಿಗಮ್ಮ.

"ಒಬ್ಳಲ್ಲ ಸಾ. ನಾವೂ ಇದೀವಿ."

ಹೆಂಗಸರೆಲ್ಲ ಮಂಡಿಯ ಮಣ್ಣು ಕೊಡವಿಕೊಂಡು ಎದ್ದರು. ಕೆಲಸ ಕೇಳಲು ಬಂದಿದ್ದ ಆರು ಜನವೂ ಅವರ ಜೊತೆ ನಡೆದರು.

"ನಾಳೆ ಗೇಟೊಳಗೆ ಒಬ್ಬಳನ್ನೂ ಬಿಡಲ್ಲ!" ದೇವರಾಜ ಹಿಂದಿನಿಂದ ಕೂಗಿದ.

"ಆಚೆಗೇ ಕೂತ್ಕತೀವಿ ಬುಡಿ. ಲಾರಿ ಎಂಗೆ ಓಯ್ತವೆ ನೋಡಾನ!" ಮಲ್ಲಿಗಮ್ಮ ತಿರುಗಿ ಕೂಗಿದಳು.

ರಸ್ತೆಗೆ ಬಂದ ಮೇಲೆ ಮಲ್ಲಿಗಮ್ಮ, "ನಡಿಯವ್ವ, ಮಗೀನ ನೋಡ್ಬೇಕು," ಅಂದಳು.

"ಯಾವ ಮುಖ ಹೊತ್ಕೊಂಡು ಬರ್ಲಿ ಅಕ್ಕ? ಬಾಯಿ ಬಿಡಬೇಡ ಅಂದಿದ್ದು ನಾನೇ."

ಮಲ್ಲಿಗಮ್ಮ ಅವಳನ್ನೇ ನೋಡಿದಳು. ಇರಲಿ ಬಿಡು ಅನ್ನಲಿಲ್ಲ.

"ಅದ್ನ ಅವ್ಳ ಮುಂದೇನೇ ಯೋಳು. ಬಯ್ತಾಳೋ, ಬುಡ್ತಾಳೋ, ಅದು ಅವ್ಳಿಗೆ ಸೇರಿದ್ದು. ನಾಳೆ ಗೇಟ್ ಮುಂದೆ ಕೂರಾಕೆ ಮಾತ್ರ ಬಂದ್ಬುಡು."

ಹಾಸನದ ಬಸ್ಸು ನಿಂತಿತು. ಎಲ್ಲರೂ ಹತ್ತಿದ ಮೇಲೆ ಕೊನೆಯಲ್ಲಿ ಶೋಭಿತಾ ಹತ್ತಿದಳು.